ಆರು ಪ್ರತಿ

ಹತ್ತು ಜನ ದುಡಿಯುವಲ್ಲಿ ಒಂದು ಸಮಿತಿ ಇರಬೇಕಂತೆ.
ನಮ್ಮ ಲ್ಯಾಬಿನಲ್ಲಿ ಏಳು,
ಶನಿವಾರ ಮಾತ್ರ ಬರುವ ಲೆಕ್ಕದವನನ್ನು ಸೇರಿಸಿದರೆ ಎಂಟು.
ಆದ್ದರಿಂದ ಉಪ್ಪಳದಲ್ಲಿ ಬಸ್ಸು ಹತ್ತಿದೆ,
ವಿದ್ಯಾನಗರಕ್ಕೆ, ಕಲೆಕ್ಟರ ಕಚೇರಿಗೆ,
ಜಿಲ್ಲೆಗೊಂದೇ ಇರುವ ಇನ್ನೊಂದು ಸಮಿತಿಗೆ.
ಹೆದ್ದಾರಿ ಅಗಲವಾಗುತ್ತಿತ್ತು. ಕಿಟಕಿಯಲ್ಲಿ ಧೂಳು.
ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು,
ಅದರೊಳಗೆ ಎರಡೂವರೆ ತಿಂಗಳು.

ಮೂರು ದಾಟಿದರೆ ಬಾಗಿಲು ಅರ್ಧ ಮುಚ್ಚುತ್ತದೆ
ಎಂದಿದ್ದರು ಫೋನಿನಲ್ಲಿ;
ಆಮೇಲೆ ತಡವೇಕೆಂದು ಬರೆದುಕೊಡಬೇಕು.
ತಡವೇಕೆಂದು ನನಗೆ ಗೊತ್ತು.
ಸೊಂಟಕ್ಕೆ ಬಂದದ್ದು ಕೈಯೋ, ಇಕ್ಕಟ್ಟಾದ ಕೋಣೆಯೋ
ಎಂದು ಮೊದಲ ತಿಂಗಳಿಡೀ ವಾದಿಸಿದೆ,
ಎರಡೂ ಕಡೆಗೆ ನಾನೇ ವಕೀಲೆ.

ನನ್ನ ಕೆಲಸ ರಕ್ತಕ್ಕೆ ಚೀಟಿ ಹಚ್ಚುವುದು.
ಹೆಸರು, ವಯಸ್ಸು, ಹೊತ್ತು, ಊಟಕ್ಕೆ ಮೊದಲೋ ನಂತರವೋ.
ಚೀಟಿಯಿಲ್ಲದ ಟ್ಯೂಬಿನಲ್ಲಿ
ಎಷ್ಟೇ ನಿಜವಾದ ರಕ್ತವಿದ್ದರೂ ಕಸದ ಚೀಲಕ್ಕೆ.
ದೂರನ್ನೂ ಹಾಗೇ ಬರೆದೆ:
ಮಂಗಳವಾರ, ಬೆಳಿಗ್ಗೆ ಏಳು ಹತ್ತು, ಫ್ರಿಜ್ಜಿನ ಮಗ್ಗುಲು.
ಗುರುವಾರ, ಏಳು ಇಪ್ಪತ್ತು, ಅದೇ ಜಾಗ.
ಆಮೇಲಿನ ಮಂಗಳವಾರ, ಮಾತು:
‘ಮುಖ ಊದಿಸಬೇಡ, ರಜೆ ಬೇಕಾದಾಗ ನಾನು ನೆನಪಾಗುತ್ತೇನೆ.’
ರುಕಿಯಾ ಕಂಡಿದ್ದಾಳೆ. ಸಹಿ ಹಾಕಲಾರೆ ಎಂದಳು,
ಕರೆದು ಕೇಳಿದರೆ ಸುಳ್ಳು ಹೇಳಲಾರೆ ಎಂದೂ ಎಂದಳು.
ಸಾಕ್ಷಿಯ ಜಾಗದಲ್ಲಿ ಅವಳ ಹೆಸರು ಬರೆದೆ,
ಪೆನ್ಸಿಲಿನಲ್ಲಿ.

ಕನ್ನಡದಲ್ಲಿ ಕೊಟ್ಟರೂ ತೆಗೆದುಕೊಳ್ಳುತ್ತಾರೆ,
ಓದುವವರು ಮಾತ್ರ ಮಲಯಾಳದವರು.
ಕಚೇರಿಯೆದುರಿನ ಟೈಪಿಂಗ್ ಅಂಗಡಿಯ ಕಾರ್ತ್ಯಾಯನಿ ಟೀಚರ್
ಕನ್ನಡಕ ಏರಿಸಿ ಕೇಳಿದರು:
‘ಕೈ ತಾಗಿತು ಅಂತ ಬರೆದಿದ್ದೀಯಲ್ಲ ಮೋಳೇ,
ತಾಗಿತೋ? ತಾಗಿಸಿದನೋ?
ತಾಗುವುದಾದರೆ ಬಾಗಿಲ ಚಿಲಕವೂ ತಾಗುತ್ತದೆ.
ಕೈಗೊಬ್ಬ ಯಜಮಾನ ಬೇಡವಾ?’

ನನ್ನ ಅಷ್ಟು ದಿನದ ವ್ಯಾಜ್ಯ
ಒಂದು ಕ್ರಿಯಾಪದದಲ್ಲಿ ಮುಗಿಯಿತು.
ಮುಟ್ಟಿದ, ಎಂದೆ.
ಅವರು ಬಡಿದು, ಓದಿ ಹೇಳಿದರು: ‘ತೊಟ್ಟು.’
ಅವರಲ್ಲಿ ಅದು ಮುಟ್ಟಿದ್ದು.
ನಮ್ಮಲ್ಲಿ, ಉಟ್ಟುಕೊಂಡದ್ದು.
ಆ ಕೈಯನ್ನು ತೊಟ್ಟುಕೊಂಡೇ
ಅನ್ನ ಬಡಿಸಿದ್ದೆ, ತಲೆ ಬಾಚಿದ್ದೆ, ಮಲಗಿದ್ದೆ
ಎಂದು ಟೀಚರಿಗೆ ವಿವರಿಸಲಿಲ್ಲ.
ಪುಟಕ್ಕೆ ಇಪ್ಪತ್ತು ರೂಪಾಯಿ.

ಮೇಜಿನಾಚೆ ಎಳೆಯ ಗುಮಾಸ್ತ.
‘ಆರು ಪ್ರತಿ ತಂದಿದ್ದೇನೆ’ ಎಂದೆ.
ಗಾಬರಿಯಿಂದ ತಲೆಯೆತ್ತಿದ: ಆರು ಮಂದಿಯಾ?
ಅವನ ಮಾತಿನಲ್ಲಿ ಪ್ರತಿ ಎಂದರೆ ಆರೋಪಿ.
ಅಲ್ಲ, ಅವನು ಒಬ್ಬನೇ. ಕಾಗದ ಆರು.
ನಗು ಬಂತು ನನಗೆ, ಅವನಿಗೂ,
ನಗಬಾರದಿತ್ತೇನೋ ಎಂದು ಇಬ್ಬರೂ ಸುಮ್ಮನಾದೆವು.

ಮುದ್ರೆ ಒತ್ತುತ್ತ ಹೇಳಿದ:
ಒಂದು ಕಾಗದ ಅವರಿಗೆ ಹೋಗುತ್ತದೆ, ಏಳು ದಿನದೊಳಗೆ.
ತನಿಖೆ ತೊಂಬತ್ತು ದಿನ.
ರಾಜಿ ಬೇಕಿದ್ದರೆ ನೀವೇ ಕೇಳಬೇಕು, ನಾವು ಕೇಳಿಸುವಂತಿಲ್ಲ,
ಕೇಳಿದರೂ ಅದರಲ್ಲಿ ದುಡ್ಡಿನ ಮಾತಿಲ್ಲ.
ಪೊಲೀಸ್ ಠಾಣೆ ಬೇರೆ ಬಾಗಿಲು,
ಇದನ್ನು ತಟ್ಟಿದಿರೆಂದು ಅದು ಮುಚ್ಚುವುದಿಲ್ಲ.
ಇಷ್ಟು ಮೆಲ್ಲಗೆ ಯಾರೂ ನನಗೆ ಏನನ್ನೂ ಹೇಳಿರಲಿಲ್ಲ.
ರಸೀದಿಯಲ್ಲಿ ಜಲಜಾಕ್ಷಿ ಜಲಜ ಆಗಿದ್ದಳು.
ತಿದ್ದಿಸಿಕೊಂಡೆ.

ಸಂಜೆ ಬಂಗುಡೆ ಕೊರೆಯುತ್ತ ಚಿಕ್ಕಮ್ಮ:
‘ಎಂತಕ್ಕೆ ಮಾರಾಯ್ತಿ, ಊರಲ್ಲಿ ಬೇರೆ ಲ್ಯಾಬಿಲ್ಲವಾ?
ನಿನಗೆ ಕೊಂಬು ಬಂದಿದೆ.’
ಕೊಂಬು.
ಒಂದನೇ ಕ್ಲಾಸಿನ ಸ್ಲೇಟಿನಲ್ಲಿ ಕಲಿತದ್ದು:
‘ದೂರ’ ಬರೆದು
ಕೊನೆಯ ಅಕ್ಷರಕ್ಕೆ ಕೊಂಬು ಕೊಟ್ಟರೆ ‘ದೂರು’.
ಚಿಕ್ಕಮ್ಮನಿಗೆ ಹೇಳಲಿಲ್ಲ. ಅಕ್ಕಿ ತೊಳೆದೆ.

ನಾಳೆಯೂ ಏಳಕ್ಕೆ ಲ್ಯಾಬು ತೆರೆಯುವವಳು ನಾನೇ,
ಬೀಗದ ಕೈ ನನ್ನ ಕೈಯಲ್ಲೇ ಉಂಟು.
ಅವನಿಗೆ ಕಾಗದ ತಲುಪುವವರೆಗೆ ಅವನು ನಗುತ್ತಿರುತ್ತಾನೆ.
ರುಕಿಯಾ ಆರೂವರೆಗೇ ಬರುತ್ತೇನೆ ಎಂದಿದ್ದಾಳೆ.
ಫ್ರಿಜ್ಜನ್ನು ಆ ಮೂಲೆಯಿಂದ ಹೊರಗೆ ಎಳೆಯಬೇಕು.
ಭಾರ ಉಂಟು.
ಇಬ್ಬರು ಸಾಕು.